ಓಪನ್ ಸೋರ್ಸ್ ಕಾನ್ಫರೆನ್ಸಿಗೆ ಮೊದಲ ಸಲ ಹೋಗ್ತಿದ್ದೀರಾ? ಶುರುವಿನಿಂದ ಕೊನೆವರೆಗೆ ಒಂದು ಸಮಗ್ರ ಮಾರ್ಗದರ್ಶಿ

ನನ್ನ ಮೊದಲ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ, ತಿದ್ದಿ, ಬಳಸಬಹುದಾದ ಸಾಫ್ಟ್‌ವೇರ್) ಕಾನ್ಫರೆನ್ಸಿನಲ್ಲಿ ಎರಡು ದಿನಕ್ಕೆ 13 ಟಾಕ್ ಕೇಳಿದೆ. ಒಂದು ಮುಗಿದ ಕೂಡಲೇ ಇನ್ನೊಂದು ರೂಮಿಗೆ ಓಟ. ನೋಟ್‌ಬುಕ್ ತುಂಬ ಗೀಚಿಕೊಂಡೆ. ವಾಪಸ್ ಬರುವಾಗ ಲೆಕ್ಕ ಹಾಕಿದರೆ, ಅಷ್ಟು ಜನರ ಮಧ್ಯೆ ನಾನು ಬಾಯಿಬಿಟ್ಟು ಮಾತಾಡಿದ್ದು ಇಬ್ಬರ ಹತ್ತಿರ ಮಾತ್ರ. ಒಬ್ಬರು ಬ್ಯಾಡ್ಜ್ ಕೊಟ್ಟವರು, ಇನ್ನೊಬ್ಬರು ಟಾಯ್ಲೆಟ್ ಎಲ್ಲಿದೆ ಅಂತ ತೋರಿಸಿದವರು. ಕೆಲವೇ ವಾರಗಳಲ್ಲಿ ಆ 13 ಟಾಕ್‌ಗಳ ವಿಡಿಯೊನೂ ನೆಟ್ಟಿಗೆ ಬಂತು. ಮನೇಲಿ ಕೂತು ನೋಡಬಹುದಿತ್ತು, ಅದೂ ಒಂದೂವರೆ ಪಟ್ಟು ಸ್ಪೀಡಿನಲ್ಲಿ.

ಅವತ್ತಿನಿಂದ ನನ್ನ ಲೆಕ್ಕ ಸುಲಭವಾಗಿದೆ. ಕ್ಯಾಮೆರಾಗೆ ಸಿಗುವುದನ್ನು ಕ್ಯಾಮೆರಾಗೆ ಬಿಡುತ್ತೇನೆ. ಅದಕ್ಕೆ ಸಿಗದೇ ಇರುವುದನ್ನು ಹುಡುಕಿಕೊಂಡು ಹೋಗುತ್ತೇನೆ. ಕೆಳಗಿನ ಹೆಜ್ಜೆಗಳೆಲ್ಲ ಆ ಲೆಕ್ಕದ ಮೇಲೇ ನಿಂತಿವೆ.

ಮೊದಲು ಒಂದು ಮಾತು: ಇಲ್ಲಿ ಗಿರಾಕಿ ಅಂತ ಯಾರೂ ಇಲ್ಲ

ಕಂಪನಿ ನಡೆಸುವ ಕಾನ್ಫರೆನ್ಸಿನಲ್ಲಿ ನೀವು ಗಿರಾಕಿ. ನಿಮ್ಮನ್ನು ನೋಡಿಕೊಳ್ಳುವುದಕ್ಕೆ ಸಂಬಳದ ಜನ ಇರುತ್ತಾರೆ. ಸಮುದಾಯವೇ ನಡೆಸುವ ಕಡೆ ಹಾಗಿರುವುದಿಲ್ಲ. ಕೇಬಲ್ ಎಳೆಯುತ್ತಿರುವವರು ಆಫೀಸಿಗೆ ರಜೆ ಹಾಕಿ ಬಂದಿರುತ್ತಾರೆ. ಬ್ಯಾಡ್ಜ್ ಹಂಚುತ್ತಾ ಕೂತವರು ನೀವು ದಿನಾ ಬಳಸುವ ಕೋಡ್ ಲೈಬ್ರರಿಯ ಮೇಂಟೇನರ್, ಅಂದರೆ ಅದನ್ನು ನೋಡಿಕೊಳ್ಳುವವರೇ, ಇದ್ದರೂ ಇರಬಹುದು.

ಫಾಸ್‌ಡೆಮ್ (FOSDEM) ಅನ್ನುವ ಕಾನ್ಫರೆನ್ಸನ್ನೇ ತೆಗೆದುಕೊಳ್ಳಿ. 2000ದಲ್ಲಿ ಶುರುವಾದದ್ದು. ಪ್ರತಿ ವರ್ಷ ಜನವರಿ ಕೊನೆಗೋ ಫೆಬ್ರವರಿ ಶುರುವಿಗೋ ಒಂದು ಶನಿವಾರ, ಭಾನುವಾರ ಬ್ರಸೆಲ್ಸ್‌ನ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ಸಾವಿರಾರು ಜನ ಸೇರುತ್ತಾರೆ. ಟಿಕೆಟ್ ಇಲ್ಲ, ನೋಂದಣಿ ಕೂಡ ಇಲ್ಲ. ಸುಮ್ನೆ ಹೋಗಿ ಒಳಗೆ ಕೂತರಾಯಿತು. ಇಷ್ಟು ದೊಡ್ಡದನ್ನು ನಡೆಸುವುದು ವಾಲಂಟಿಯರ್‌ಗಳು. ಹಾಗಾಗಿ ಏನಾದರೂ ಎಡವಟ್ಟಾದರೆ ದೂರು ಹೇಳುವ ಕೌಂಟರ್ ಹುಡುಕಬೇಡಿ. 'ನಾನೇನಾದರೂ ಮಾಡಲಾ?' ಅಂತ ಕೇಳಿ.

ಹೆಜ್ಜೆ 1: ಯಾವುದಕ್ಕೆ ಹೋಗುವುದು

ಸುಮಾರಾಗಿ ಮೂರು ಬಗೆ ಇವೆ. ಫಾಸ್‌ಡೆಮ್ ಥರದ್ದು ಜಾತ್ರೆ. ಎಲ್ಲ ಪ್ರಾಜೆಕ್ಟಿನವರೂ ಇರುತ್ತಾರೆ, ಹತ್ತಾರು ರೂಮುಗಳಲ್ಲಿ ಒಟ್ಟೊಟ್ಟಿಗೆ ಟಾಕ್ ನಡೆಯುತ್ತವೆ. ಎರಡನೆಯದು ಒಂದೇ ಪ್ರಾಜೆಕ್ಟಿನವರ ಕೂಟ. ಡೆಬಿಯನ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನವರ ಡೆಬ್‌ಕಾನ್ಫ್, ಲಿನಕ್ಸಿಗೆ ಡೆಸ್ಕ್‌ಟಾಪ್ ಮಾಡುವ ಗ್ನೋಮ್‌ನವರ ಗ್ವಾಡೆಕ್, ಕೆಡಿಇಯವರ ಅಕಾಡೆಮಿ, ಎಲ್ಲರೂ ಸೇರಿ ನಕ್ಷೆ ಬಿಡಿಸುವ ಓಪನ್‌ಸ್ಟ್ರೀಟ್‌ಮ್ಯಾಪ್‌ನವರ ಸ್ಟೇಟ್ ಆಫ್ ದ ಮ್ಯಾಪ್, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯವರು ಬೇರೆ ಬೇರೆ ದೇಶಗಳಲ್ಲಿ ನಡೆಸುವ ಪೈಕಾನ್‌ಗಳು. ಇವುಗಳಲ್ಲಿ ಕೆಲವು ಪ್ರತಿ ವರ್ಷ ಊರು ಬದಲಿಸುತ್ತವೆ. ಡೆಬ್‌ಕಾನ್ಫ್ 2000ದಲ್ಲಿ ಫ್ರಾನ್ಸಿನ ಬೋರ್ಡೊದಲ್ಲಿ ಶುರುವಾಯಿತು, 2023ರಲ್ಲಿ ಕೊಚ್ಚಿಗೆ ಬಂದಿತ್ತು. ಮೂರನೆಯದು ನೂರಿನ್ನೂರು ಜನ ಸೇರುವ ಒಂದು ದಿನದ ಸಣ್ಣ ಕೂಟಗಳು.

ಮೊದಲ ಸಲಕ್ಕೆ ನನ್ನ ಸಲಹೆ ಎರಡನೆಯದು ಅಥವಾ ಮೂರನೆಯದು. ಜಾತ್ರೆಯಲ್ಲಿ ಕಳೆದುಹೋಗುವುದು ಸುಲಭ. ನೀವು ಬಳಸುವ, ಒಂದಾದರೂ ಬಗ್ ಎದುರಿಸಿದ ಪ್ರಾಜೆಕ್ಟಿನ ಕೂಟವಾದರೆ ಮಾತಿಗೆ ಎಳೆ ತಾನಾಗೇ ಸಿಗುತ್ತದೆ.

ಸಮುದಾಯದ್ದು ಅಂತ ಹೇಳಿಕೊಳ್ಳುವುದೆಲ್ಲ ಸಮುದಾಯದ್ದಾಗಿರುವುದಿಲ್ಲ. ನೋಡಬೇಕಾದ್ದು ಇಷ್ಟು: ಟಾಕ್ ಆರಿಸುವವರು ಯಾರು? ಹಣ ಕೊಟ್ಟವರ ಟಾಕ್ ಇದ್ದರೆ ಅದನ್ನು ಹಾಗಂತ ಬರೆದಿದ್ದಾರಾ? ಹಳೇ ವರ್ಷಗಳ ವಿಡಿಯೊ ಎಲ್ಲರಿಗೂ ಬಿಟ್ಟಿದ್ದಾರಾ? ನಡವಳಿಕೆ ನಿಯಮ, ಅಂದರೆ ಕೋಡ್ ಆಫ್ ಕಂಡಕ್ಟ್, ಇದೆಯಾ? ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ 2012ರಲ್ಲೇ ಈ ನಿಯಮ ಇಲ್ಲದ ಕಾನ್ಫರೆನ್ಸಿಗೆ ಹಣ ಕೊಡುವುದಿಲ್ಲ ಅಂತ ತೀರ್ಮಾನಿಸಿತ್ತು. ಇವತ್ತಿಗೂ ಅದಿಲ್ಲ ಅಂದರೆ ಯಾಕಿಲ್ಲ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಹೆಜ್ಜೆ 2: ದುಡ್ಡು ಮತ್ತು ಕಾಗದಪತ್ರ

ಟಿಕೆಟ್‌ಗಿಂತ ಪ್ರಯಾಣ, ಉಳಿಯುವ ಜಾಗ ಇವೇ ಜೇಬಿಗೆ ಭಾರ. ತುಂಬ ಜನಕ್ಕೆ ಗೊತ್ತಿಲ್ಲದ ವಿಷಯ ಏನಂದರೆ, ಹಲವು ಕಾನ್ಫರೆನ್ಸುಗಳಲ್ಲಿ ಬರ್ಸರಿ, ಅಂದರೆ ಖರ್ಚಿಗೆ ನೆರವು ಇರುತ್ತದೆ. ಡೆಬ್‌ಕಾನ್ಫ್‌ನಲ್ಲಿ ಊಟ, ವಸತಿ, ಪ್ರಯಾಣ ಮೂರಕ್ಕೂ ಕೇಳಬಹುದು. ಕೊನೇ ದಿನಾಂಕ ಮಾತ್ರ ಕಾನ್ಫರೆನ್ಸಿಗೆ ತಿಂಗಳುಗಟ್ಟಲೆ ಮುಂಚೆಯೇ ಬಂದು ಹೋಗಿರುತ್ತದೆ.

ಅರ್ಜಿಯಲ್ಲಿ 'ನನಗೆ ಓಪನ್ ಸೋರ್ಸ್ ಅಂದರೆ ತುಂಬ ಇಷ್ಟ, ಕಲಿಯುವ ಆಸೆ ಇದೆ' ಅಂತ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ನೀವು ಇಲ್ಲಿವರೆಗೆ ಮಾಡಿದ್ದು, ಅಲ್ಲಿ ಬಂದು ಮಾಡಲಿರುವುದು, ನೆರವು ಸಿಗದಿದ್ದರೆ ಬರಲಾಗುತ್ತದೋ ಇಲ್ಲವೋ, ಈ ಮೂರನ್ನು ನೇರವಾಗಿ ಬರೆಯಿರಿ. ಮಾಡಿದ್ದು ಸಣ್ಣದಾದರೂ ಪರವಾಗಿಲ್ಲ. 'ಎರಡು ಪುಟ ಡಾಕ್ಯುಮೆಂಟೇಶನ್ ಅನುವಾದ ಮಾಡಿದ್ದೇನೆ, ಅಲ್ಲಿ ಅನುವಾದ ತಂಡದವರ ಜೊತೆ ಕೂತು ಮುಂದುವರಿಸುತ್ತೇನೆ' ಅನ್ನುವ ಒಂದು ವಾಕ್ಯಕ್ಕೆ ಒಂದು ಪುಟದ ಉತ್ಸಾಹಕ್ಕಿಂತ ಬೆಲೆ ಜಾಸ್ತಿ.

ಬೇರೆ ದೇಶಕ್ಕೆ ಹೋಗುವುದಾದರೆ ವೀಸಾ ಕೆಲಸವನ್ನೇ ಮೊದಲು ಶುರು ಮಾಡಿ. ಆಹ್ವಾನ ಪತ್ರ ಬೇಕಿದ್ದರೆ ಸಂಘಟಕರನ್ನು ಬೇಗ ಕೇಳಿ. ಅದನ್ನು ಬರೆದುಕೊಡುವವರೂ ವಾಲಂಟಿಯರೇ. ಒಂದು ವಾರ ಇರುವಾಗ ಕೇಳಿದರೆ ಅವರಿಗೂ ಕಷ್ಟ, ನಿಮಗೂ ಕಷ್ಟ.

ಹೆಜ್ಜೆ 3: ಮನೆಪಾಠ

ಒಂದು ಹಾಳೆ ತಗೊಳ್ಳಿ. ಅದರಲ್ಲಿ ಮೂರು ಹೆಸರು, ಎರಡು ಪ್ರಶ್ನೆ, ಒಂದು ಕೆಲಸ ಬರೆಯಿರಿ. ಮೂರು ಹೆಸರು ಅಂದರೆ ನೀವು ಮಾತಾಡಿಸಲೇಬೇಕು ಅಂದುಕೊಂಡವರು. ಎರಡು ಪ್ರಶ್ನೆ ಅಂದರೆ ನಿಮ್ಮ ಸ್ವಂತ ಕೆಲಸದಲ್ಲಿ ಸಿಕ್ಕಿಹಾಕಿಕೊಂಡಿರುವ ಕಡೆ. ಒಂದು ಕೆಲಸ ಅಂದರೆ ಅಲ್ಲಿದ್ದಾಗಲೇ ಮುಗಿಸಬಹುದಾದದ್ದು: ಒಂದು ಬಗ್, ಒಂದು ಪುಟ ಅನುವಾದ, ಒಂದು ಟೆಸ್ಟ್.

ಹೆಸರು ಬರೆದವರಿಗೆ ವಾರ ಮುಂಚೆ ಎರಡು ಸಾಲು ಕಳಿಸಿ. 'ನಾನೂ ಬರುತ್ತಿದ್ದೇನೆ. ನಿಮ್ಮ ಪಾರ್ಸರ್ ಬಗ್ಗೆ ಒಂದು ಪ್ರಶ್ನೆ ಇದೆ. ಹತ್ತು ನಿಮಿಷ ಸಿಗಬಹುದಾ?' ಇಷ್ಟು ಸಾಕು. ಉತ್ತರ ಬರದಿದ್ದರೆ ಬೇಜಾರಾಗಬೇಡಿ, ಆ ವಾರ ಅವರು ಸ್ಲೈಡ್ ಮಾಡುವ ಗಡಿಬಿಡಿಯಲ್ಲಿರುತ್ತಾರೆ. ಎದುರು ಸಿಕ್ಕಾಗ 'ಮೆಸೇಜ್ ಕಳಿಸಿದ್ದೆ' ಅಂದರೆ ಮಾತು ಶುರುವಾಗುತ್ತದೆ.

ಆಮೇಲೆ ವೇಳಾಪಟ್ಟಿ. ಹಲವು ಸಮುದಾಯ ಕಾನ್ಫರೆನ್ಸುಗಳು ಇದಕ್ಕೆ ಪ್ರಿಟಾಲ್ಕ್ಸ್ ಅನ್ನುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಬಳಸುತ್ತವೆ. ಬೇಕಾದ ಟಾಕ್‌ಗಳಿಗೆ ನಕ್ಷತ್ರ ಗುರುತು ಹಾಕಿ ಕ್ಯಾಲೆಂಡರಿಗೆ ಇಳಿಸಿಕೊಳ್ಳಬಹುದು. ಆಂಡ್ರಾಯ್ಡ್ ಫೋನಿಗೆ ಗಿಗಿಟಿ ಅಂತ ಒಂದು ಆಪ್ ಇದೆ, ನೆಟ್ ಇಲ್ಲದಾಗಲೂ ಪಟ್ಟಿ ತೋರಿಸುತ್ತದೆ.

ದಿನಕ್ಕೆ ಮೂರು ಟಾಕ್ ಆರಿಸಿ. ಹೆಚ್ಚೆಂದರೆ ನಾಲ್ಕು. ಆರಿಸುವಾಗ ವಿಷಯಕ್ಕಿಂತ 'ಈ ಟಾಕ್ ಮುಗಿದ ಮೇಲೆ ಇವರ ಹತ್ತಿರ ನನಗೇನಾದರೂ ಕೇಳುವುದಿದೆಯಾ?' ಅಂತ ನೋಡಿ. ಇಲ್ಲ ಅಂದರೆ ವಿಡಿಯೊ ಸಾಕು.

ಸ್ಪ್ರಿಂಟ್‌ಗೆ, ಅಂದರೆ ಎಲ್ಲರೂ ಒಟ್ಟಿಗೆ ಕೂತು ಕೋಡ್ ಬರೆಯುವ ದಿನಗಳಿಗೆ, ಉಳಿಯುವವರು ಇನ್ನೊಂದು ಕೆಲಸ ಮಾಡಿಕೊಳ್ಳಬೇಕು. ಪ್ರಾಜೆಕ್ಟಿನ ಕೋಡ್ ಮನೆಯಲ್ಲೇ ಇಳಿಸಿ, ಬಿಲ್ಡ್ ಮಾಡಿ (ಕೋಡನ್ನು ಓಡುವ ಪ್ರೋಗ್ರಾಮ್ ಆಗಿಸಿ), ಟೆಸ್ಟ್ ಓಡಿಸಿ ನೋಡಿಕೊಂಡು ಹೋಗಿ. ಇದನ್ನು ಮಾಡದೆ ಹೋದವರ ಅರ್ಧ ದಿನ ಡೌನ್‌ಲೋಡ್ ಕಾಯುವುದರಲ್ಲೇ ಕಳೆಯುತ್ತದೆ.

ಹೆಜ್ಜೆ 4: ಬ್ಯಾಗು

ಲ್ಯಾಪ್‌ಟಾಪ್, ಚಾರ್ಜರ್, ನೀರಿನ ಬಾಟ್ಲಿ, ಆ ದೇಶದ ಪ್ಲಗ್ಗಿಗೆ ಅಡಾಪ್ಟರ್, ನಡೆದು ಪಳಗಿದ ಶೂ. ಹೊಸ ಶೂ ಬೇಡ. ಬರುವಾಗ ಸ್ಟಿಕ್ಕರು, ಟೀ ಶರ್ಟು ತುಂಬಿಕೊಳ್ಳುತ್ತವೆ, ಒಂದಿಷ್ಟು ಜಾಗ ಖಾಲಿ ಬಿಡಿ.

ಇವೆಲ್ಲಕ್ಕಿಂತ ಉಪಯೋಗದ್ದು ಒಂದು ಎಕ್ಸ್‌ಟೆನ್ಷನ್ ಬಾಕ್ಸ್. ನಗಬೇಡಿ. ಐನೂರು ಲ್ಯಾಪ್‌ಟಾಪ್ ಇರುವ ಕಡೆ ಗೋಡೆಯಲ್ಲಿ ನಾಲ್ಕು ಪಾಯಿಂಟ್ ಇರುತ್ತವೆ. ಕಾರಿಡಾರಿನ ಮೂಲೆಯಲ್ಲಿ ನೆಲದ ಮೇಲೆ ಕೂತು ನಿಮ್ಮ ಬಾಕ್ಸ್ ಚುಚ್ಚಿ. 'ಇಲ್ಲಿ ಇನ್ನೊಂದು ಪಾಯಿಂಟ್ ಖಾಲಿ ಇದೆಯಾ?' ಅಂತ ಐದೇ ನಿಮಿಷದಲ್ಲಿ ಯಾರಾದರೂ ಪಕ್ಕ ಬಂದು ಕೂರುತ್ತಾರೆ. ಅಪರಿಚಿತರನ್ನು ಮಾತಾಡಿಸಲು ನಾಚಿಕೆ ಪಡುವವರಿಗೆ ಇದಕ್ಕಿಂತ ಒಳ್ಳೆ ಉಪಾಯ ನನಗಂತೂ ಸಿಕ್ಕಿಲ್ಲ.

ವೈಫೈ ಮೇಲೆ ಪೂರ್ತಿ ಭರವಸೆ ಬೇಡ. ಕೆಲವು ಕಡೆ ಅದೇ ಒಂದು ಪ್ರಯೋಗ. ಫಾಸ್‌ಡೆಮ್‌ನ ಮುಖ್ಯ ವೈಫೈ ಇಂಟರ್ನೆಟ್ ವಿಳಾಸದ ಹೊಸ ಪದ್ಧತಿಯಾದ ಐಪಿವಿ6 ಮಾತ್ರ ಕೊಡುತ್ತದೆ, ಹಳೇ ಐಪಿವಿ4 ಬೇಕೇ ಬೇಕು ಅನ್ನುವವರಿಗೆ ಬೇರೆ ಹೆಸರಿನ ನೆಟ್‌ವರ್ಕ್ ಇಟ್ಟಿರುತ್ತಾರೆ. ನಿಮ್ಮ ಆಫೀಸಿನ ವಿಪಿಎನ್ ಅಲ್ಲಿ ಮೊಂಡಾಟ ಮಾಡಿದರೆ ಕಾರಣ ಇದೇ ಇರಬಹುದು.

ಹೆಜ್ಜೆ 5: ಮೊದಲ ಒಂದು ಗಂಟೆ

ಬೇಗ ಹೋಗಿ. ಬ್ಯಾಡ್ಜ್ ಮೇಲೆ ಹೆಸರಿನ ಜೊತೆಗೆ ನೀವು ನೆಟ್ಟಿನಲ್ಲಿ ಬಳಸುವ ಅಡ್ಡಹೆಸರನ್ನೂ ದೊಡ್ಡದಾಗಿ ಬರೆಯಿರಿ. ನಿಮ್ಮ ಪ್ಯಾಚ್ (ಕೋಡಿಗೆ ಕಳಿಸಿದ ತಿದ್ದುಪಡಿ) ನೋಡಿದವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಗೊತ್ತಿರುವುದಿಲ್ಲ. 'ಓ, ಆ ಬಗ್ ಹಾಕಿದ್ದು ನೀವೇನಾ?' ಅನ್ನಿಸಿಕೊಳ್ಳುವುದಕ್ಕೆ ಇದೊಂದೇ ದಾರಿ.

ಬ್ಯಾಡ್ಜ್ ನೇತುಹಾಕುವ ಕೊರಳಪಟ್ಟಿಯ ಬಣ್ಣ ಗಮನಿಸಿ. ಕೆಲವು ಕಾನ್ಫರೆನ್ಸುಗಳಲ್ಲಿ ಒಂದು ಬಣ್ಣ 'ನನ್ನ ಫೋಟೊ ತೆಗೆಯಬೇಡಿ' ಅನ್ನುವುದರ ಗುರುತು. ಯಾವ ಬಣ್ಣ ಅಂತ ಡೆಸ್ಕಿನಲ್ಲಿ ಕೇಳಿ. ನಡವಳಿಕೆ ನಿಯಮ ಒಮ್ಮೆ ಓದಿಕೊಳ್ಳಿ, ತೊಂದರೆ ಆದರೆ ಯಾರಿಗೆ ಹೇಳಬೇಕು ಅನ್ನುವ ನಂಬರ್ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಉದ್ಘಾಟನೆಯನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಬದಲಾದ ರೂಮು, ರದ್ದಾದ ಟಾಕ್, ಎಷ್ಟು ವಾಲಂಟಿಯರ್ ಕಮ್ಮಿ ಇದ್ದಾರೆ, ಎಲ್ಲ ಅಲ್ಲೇ ಗೊತ್ತಾಗುತ್ತದೆ.

ಹೆಜ್ಜೆ 6: ರೂಮಿನೊಳಗೆ

ದೊಡ್ಡ ಕಾನ್ಫರೆನ್ಸಿನಲ್ಲಿ ರೂಮು ತುಂಬಿದರೆ ಬಾಗಿಲ ಮೇಲೆ 'ಫುಲ್' ಅನ್ನುವ ಹಾಳೆ ಬೀಳುತ್ತದೆ. ಫಾಸ್‌ಡೆಮ್‌ನ ಸಣ್ಣ ರೂಮುಗಳಲ್ಲಿ ಇದು ಮಾಮೂಲಿ. ಬೆಂಕಿ ಅನಾಹುತ ತಡೆಯುವ ನಿಯಮಕ್ಕಾಗಿ ಹಾಕಿದ್ದು, ಬಾಗಿಲಲ್ಲಿ ನಿಂತ ಹುಡುಗನ ಜೊತೆ ವಾದ ಮಾಡಿ ಪ್ರಯೋಜನವಿಲ್ಲ. ನಿಜವಾಗಿ ಕೇಳಲೇಬೇಕಾದ ಟಾಕ್ ಇದ್ದರೆ ಅದರ ಹಿಂದಿನ ಟಾಕ್‌ನಿಂದಲೇ ಹೋಗಿ ಕೂರಿ. ಕೂತಾಗ ಸಾಲಿನ ಮಧ್ಯಕ್ಕೆ ಸರಿಯಿರಿ, ಬ್ಯಾಗಿಗೆ ಒಂದು ಸೀಟು ಕೊಡಬೇಡಿ. ಅರ್ಧದಲ್ಲಿ ಎದ್ದು ಹೋಗಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಮಡಚುವ ಸೀಟನ್ನು ಧಡ್ ಅಂತ ಬಿಡಬೇಡಿ, ಅಷ್ಟೇ.

ಪ್ರಶ್ನೆ ಕೇಳುವಾಗ ಮೈಕ್ ಬರುವವರೆಗೆ ಕಾಯಿರಿ. 'ನನ್ನ ಗಂಟಲು ಜೋರಿದೆ' ಅನ್ನುವವರು ಪ್ರತಿ ರೂಮಿನಲ್ಲೂ ಒಬ್ಬರಿರುತ್ತಾರೆ. ರೂಮಿನವರಿಗೆ ಕೇಳಿಸುತ್ತದೆ, ಸರಿ. ರೆಕಾರ್ಡಿಂಗಿಗೆ ಕೇಳಿಸುವುದಿಲ್ಲ. ಆಮೇಲೆ ವಿಡಿಯೊ ನೋಡುವವರಿಗೆ ಅರ್ಧ ನಿಮಿಷ ಮೌನ, ಆಮೇಲೆ 'ಹೌದು, ಆದರೆ ಮಂಗಳವಾರ ಮಾತ್ರ' ಅನ್ನುವಂಥ ಉತ್ತರ! ಇನ್ನು, 'ಇದು ಪ್ರಶ್ನೆಗಿಂತ ಜಾಸ್ತಿ ನನ್ನ ಅಭಿಪ್ರಾಯ' ಅಂತ ಶುರುವಾಗುವ ಮಾತನ್ನು ದಯವಿಟ್ಟು ಕಾರಿಡಾರಿಗೆ ಉಳಿಸಿಕೊಳ್ಳಿ.

ಹೆಜ್ಜೆ 7: ಕಾರಿಡಾರು

ಹಳಬರು ಇದಕ್ಕೆ 'ಹಾಲ್‌ವೇ ಟ್ರ್ಯಾಕ್' ಅಂತಾರೆ. ವೇಳಾಪಟ್ಟಿಯಲ್ಲಿ ಇರುವುದಿಲ್ಲ, ಆದರೆ ಅರ್ಧ ಕಾನ್ಫರೆನ್ಸ್ ನಡೆಯುವುದು ಇಲ್ಲೇ. ತಿಂಗಳುಗಟ್ಟಲೆ ಇಶ್ಯೂ ಟ್ರ್ಯಾಕರಿನಲ್ಲಿ (ಬಗ್‌ಗಳನ್ನು ಬರೆದು ಚರ್ಚಿಸುವ ಪಟ್ಟಿ) ಎಳೆದಾಡಿದ ಜಗಳ ಇಲ್ಲಿ ಎದುರಾಬದುರಾ ಕೂತರೆ ಕಾಲು ಗಂಟೆಯಲ್ಲಿ ಮುಗಿದುಹೋಗುತ್ತದೆ. ಬರಹದಲ್ಲಿ ಒರಟಾಗಿ ಕಾಣುತ್ತಿದ್ದ ಮನುಷ್ಯ ಎದುರಿಗೆ ಮೆತ್ತಗೆ ಮಾತಾಡುವವನು ಅಂತ ಗೊತ್ತಾಗುತ್ತದೆ.

ಆದರೆ ಹೊಸಬರಿಗೆ ಇದೇ ಕಷ್ಟದ ಜಾಗ. ಎಲ್ಲರೂ ಎಲ್ಲರಿಗೂ ಗೊತ್ತು, ನಾನೊಬ್ಬನೇ ಹೊರಗಿನವನು ಅನ್ನಿಸುತ್ತದೆ. ಹಾಗೆ ಅನ್ನಿಸಿಕೊಂಡು ಫೋನ್ ನೋಡುತ್ತಾ ನಿಂತವರು ಆ ಕಾರಿಡಾರಿನಲ್ಲೇ ಇನ್ನೂ ಹತ್ತಿಪ್ಪತ್ತು ಜನ ಇರುತ್ತಾರೆ. ಮೊದಲು ಅವರನ್ನೇ ಮಾತಾಡಿಸಿ. 'ಏನು ಕೆಲಸ ಮಾಡ್ತೀರಿ?' ಅಂದರೆ ಇಂಟರ್‌ವ್ಯೂ ಥರ ಆಗುತ್ತದೆ. 'ಈಗ ಯಾವ ಟಾಕ್‌ಗೆ ಹೋಗಿದ್ರಿ? ಹೇಗಿತ್ತು?' ಅಂದರೆ ಯಾರಾದರೂ ಮಾತಾಡುತ್ತಾರೆ.

ಗುಂಪಿನಲ್ಲಿ ನಿಲ್ಲುವಾಗ ಪ್ಯಾಕ್‌ಮ್ಯಾನ್ ನಿಯಮ ನೆನಪಿಡಿ. ಡಾಕ್ಯುಮೆಂಟೇಶನ್ ಬರೆಯುವವರ ರೈಟ್ ದ ಡಾಕ್ಸ್ ಕಾನ್ಫರೆನ್ಸ್ ಶುರು ಮಾಡಿದವರಲ್ಲಿ ಒಬ್ಬರಾದ ಎರಿಕ್ ಹೋಲ್ಷರ್ ಹರಡಿದ ಮಾತಿದು. ನಾಲ್ಕು ಜನ ದುಂಡಗೆ ನಿಂತರೆ ಹೊರಗಿನವರಿಗೆ ಬರೀ ಬೆನ್ನು ಕಾಣುತ್ತದೆ. ಅದಕ್ಕೇ ಒಬ್ಬರು ನಿಲ್ಲುವಷ್ಟು ಜಾಗ ಬಾಯಿ ತೆರೆದ ಹಾಗೆ ಬಿಡಿ, ಆ ವಿಡಿಯೊ ಗೇಮಿನ ಹಳದಿ ಗುಂಡಿನ ಥರ. ಯಾರಾದರೂ ಬಂದು ಸೇರಿಕೊಂಡರೆ ಎಲ್ಲರೂ ಒಂದು ಹೆಜ್ಜೆ ಸರಿದು ಮತ್ತೆ ಬಾಯಿ ತೆರೆಯಿರಿ. ನೀವು ಹೊರಗಿನವರಾದರೆ ಅಂಥ ಬಾಯಿ ತೆರೆದ ಗುಂಪು ಹುಡುಕಿ, ಹೋಗಿ ನಿಂತು ಎರಡು ನಿಮಿಷ ಸುಮ್ನೆ ಕೇಳಿಸಿಕೊಳ್ಳಿ.

ಒಳ್ಳೆ ಮಾತುಕತೆ ನಡೆಯುತ್ತಿದ್ದು ಮುಂದಿನ ಟಾಕ್‌ಗೆ ಗಂಟೆ ಆಯಿತು ಅಂದರೆ ಟಾಕ್ ಬಿಡಿ. ನಾನಂತೂ ಎರಡು ಸಲ ಯೋಚಿಸುವುದಿಲ್ಲ.

ಮಾತು ಮುಗಿದ ಕೂಡಲೇ ಒಂದು ಸಾಲು ಬರೆದಿಟ್ಟುಕೊಳ್ಳಿ: ಯಾರು, ಯಾವ ವಿಷಯ, ಯಾರು ಯಾರಿಗೆ ಏನು ಕಳಿಸಬೇಕು. ಸಂಜೆಗೆ ಎಲ್ಲ ಮುಖಗಳೂ ಕಲಸಿಹೋಗಿರುತ್ತವೆ.

ಹೆಜ್ಜೆ 8: ಬೋಫ್, ಲೈಟ್ನಿಂಗ್ ಟಾಕ್, ಸ್ಪ್ರಿಂಟ್

ಬೋಫ್ ಅಂದರೆ ಒಂದೇ ಆಸಕ್ತಿ ಇರುವವರು ದುಂಡಗೆ ಕೂತು ಹರಟುವುದು. ಸ್ಲೈಡ್ ಇರುವುದಿಲ್ಲ. ಬೋರ್ಡಿನಲ್ಲಿ ಖಾಲಿ ಜಾಗ ಕಂಡರೆ ನೀವೇ ಒಂದು ವಿಷಯ ಬರೆಯಬಹುದು. ಕನ್ನಡ ಫಾಂಟ್ ಅಂತ ಬರೆದು ನಾಲ್ಕೇ ಜನ ಬಂದರೂ ಆ ನಾಲ್ಕು ಜನ ನಿಮಗೆ ಬೇಕಾದವರೇ.

ಲೈಟ್ನಿಂಗ್ ಟಾಕ್ ಸಾಮಾನ್ಯವಾಗಿ 5 ನಿಮಿಷ. ಸಮಯ ಮೀರಿದರೆ ಹಲವು ಕಡೆ ಜನ ಚಪ್ಪಾಳೆ ಶುರು ಮಾಡಿಬಿಡುತ್ತಾರೆ, ಅಲ್ಲಿಗೆ ಮುಗಿಯಿತು. ಮೊದಲ ಸಲ ವೇದಿಕೆ ಹತ್ತುವವರಿಗೆ ಇದು ಸರಿಯಾದ ಅಳತೆ. ಕೆಟ್ಟರೂ ಐದು ನಿಮಿಷ, ಅಲ್ವಾ?

ಸ್ಪ್ರಿಂಟ್‌ಗಳು ಕಾನ್ಫರೆನ್ಸಿನ ಮುಂಚೆಯೋ ಆಮೇಲೋ ಇರುತ್ತವೆ. ಪೈಕಾನ್‌ಗಳಲ್ಲಿ ಸಾಮಾನ್ಯವಾಗಿ ಆಮೇಲೆ. ಡೆಬ್‌ಕಾನ್ಫ್‌ಗೆ ಮುಂಚೆ ಡೆಬ್‌ಕ್ಯಾಂಪ್ ಅಂತ ನಡೆಯುತ್ತದೆ. ಮೇಂಟೇನರ್ ಪಕ್ಕದಲ್ಲೇ ಕೂತು ಕೋಡ್ ಬರೆಯುವ ಅವಕಾಶ ಬೇರೆಲ್ಲೂ ಸಿಗುವುದಿಲ್ಲ. ಮೊದಲು ಹೋಗಿ 'ನಾನು ಹೊಸಬ, ಬಿಲ್ಡ್ ಆಗಿದೆ, ಯಾವುದು ಎತ್ತಿಕೊಳ್ಳಲಿ?' ಅನ್ನಿ. 'ಬಿಲ್ಡ್ ಆಗಿದೆ' ಅನ್ನುವ ಎರಡು ಪದ ಕೇಳಿ ಅವರ ಮುಖ ಅರಳುವುದನ್ನು ನೋಡಬೇಕು.

ಕೀ ಸೈನಿಂಗ್, ಅಂದರೆ ಒಬ್ಬರ ಡಿಜಿಟಲ್ ಕೀ ಅವರದ್ದೇ ಅಂತ ಇನ್ನೊಬ್ಬರು ಸಹಿ ಹಾಕುವುದು, ನಡೆಯುವ ಕಡೆ ಇದ್ದರೆ ನಿಮ್ಮ ಕೀಯ ಫಿಂಗರ್‌ಪ್ರಿಂಟನ್ನು (ಅದನ್ನು ಗುರುತಿಸುವ ಅಂಕೆ, ಅಕ್ಷರಗಳ ಸಾಲು) ಚೀಟಿಗಳಲ್ಲಿ ಪ್ರಿಂಟ್ ಮಾಡಿಕೊಂಡು, ಫೋಟೊ ಇರುವ ಗುರುತಿನ ಚೀಟಿ ಜೊತೆ ಹೋಗಿ. ಡೆಬಿಯನ್‌ನಂಥ ಪ್ರಾಜೆಕ್ಟಿನಲ್ಲಿ ಮುಂದೆ ಡೆವಲಪರ್ ಆಗಬೇಕು ಅಂದರೆ ಆ ಸಹಿಗಳು ಕೆಲಸಕ್ಕೆ ಬರುತ್ತವೆ.

ಹೆಜ್ಜೆ 9: ಅರ್ಧ ದಿನ ವಾಲಂಟಿಯರ್ ಆಗಿ

ಇದನ್ನು ಮೊದಲ ಸಲವೇ ಮಾಡಿ. 'ನನಗೇನೂ ಬರುವುದಿಲ್ಲ' ಅನ್ನಬೇಡಿ. ಡೆಬ್‌ಕಾನ್ಫ್‌ನ ವಿಡಿಯೊ ತಂಡದಲ್ಲಿ ಕ್ಯಾಮೆರಾ ಹಿಡಿಯುವುದು, ಸೌಂಡ್ ನೋಡಿಕೊಳ್ಳುವುದು, ದೃಶ್ಯ ಬದಲಿಸುವುದು, ಮಾತುಗಾರರನ್ನು ಪರಿಚಯಿಸುವುದು ಎಲ್ಲ ಬಂದವರೇ ಮಾಡುತ್ತಾರೆ. ಕ್ಯಾಮೆರಾ ಮುಟ್ಟದವರಿಗೂ ಅಲ್ಲೇ ಹೇಳಿಕೊಡುತ್ತಾರೆ.

ನನಗೆ ಮೊದಲು ಸಿಕ್ಕಿದ್ದು ಒಂದು ರೂಮು ನೋಡಿಕೊಳ್ಳುವ ಕೆಲಸ. ಕೈಯಲ್ಲಿ ಮೂರು ರಟ್ಟಿನ ಹಾಳೆ: 10, 5, 1. ಉಳಿದ ನಿಮಿಷ ತೋರಿಸುವುದಕ್ಕೆ. ಸುಲಭ ಅಂದುಕೊಂಡಿದ್ದೆ. ಮೊದಲ ಟಾಕ್ ಶುರುವಾದ ಕೂಡಲೇ ಹಿಂದೆ ಹೆಡ್‌ಫೋನ್ ಹಾಕಿದ್ದ ಹುಡುಗಿ ಕೈ ಬೀಸಿ ಕರೆದು ಹೆಡ್‌ಫೋನಿನ ಒಂದು ಕಿವಿ ನನ್ನ ಕಡೆ ಹಿಡಿದಳು. ಟಕ್... ಟಕ್... ಟಕ್. ಮಾತಾಡುವವರ ಬ್ಯಾಡ್ಜ್ ಎದೆಗೆ ಸಿಕ್ಕಿಸಿದ ಪುಟ್ಟ ಮೈಕಿಗೆ ಬಡಿಯುತ್ತಿತ್ತು. ರೂಮಿನಲ್ಲಿ ಯಾರಿಗೂ ಕೇಳಿಸುತ್ತಿಲ್ಲ, ರೆಕಾರ್ಡಿಂಗ್ ತುಂಬ ಅದೇ. ಮೆಲ್ಲಗೆ ವೇದಿಕೆ ಪಕ್ಕ ಹೋಗಿ ನನ್ನ ಬ್ಯಾಡ್ಜ್ ತೆಗೆದು ತೋರಿಸಿದೆ. ಅವರಿಗೆ ಅರ್ಥವಾಗಿ ನಗುತ್ತಾ ತೆಗೆದಿಟ್ಟರು. ಆಮೇಲಿನ ಆರು ಟಾಕ್‌ಗಳಿಗೂ ಬಂದವರಿಗೆ ನನ್ನ ಮೊದಲ ಮಾತು 'ನಮಸ್ಕಾರ, ಬ್ಯಾಡ್ಜ್ ತೆಗೀತೀರಾ?'

ಹೆಸರು ಬರೆದುಕೊಂಡು ಹೋಗಿದ್ದ ಮೂವರಲ್ಲಿ ಇಬ್ಬರು ಅವತ್ತು ಅದೇ ರೂಮಿಗೆ ಬಂದರು. ಮೈಕ್ ಸಿಕ್ಕಿಸುವ ನೆಪದಲ್ಲಿ ಮಾತಾಯಿತು. ನನ್ನ ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ ಸಿಕ್ಕಿದ್ದೂ ಹಾಗೇ.

ಹೆಜ್ಜೆ 10: ಮೈ ನೋಡಿಕೊಳ್ಳಿ

ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ತಲೆ ಜೊಂಪು ಹಿಡಿಯುತ್ತದೆ. ಹೊರಗೆ ಹೋಗಿ ಅರ್ಧ ಗಂಟೆ ಒಬ್ಬರೇ ನಡೆಯಿರಿ. ಕೆಲವು ಕಡೆ ಸದ್ದಿಲ್ಲದ ರೂಮು ಇಟ್ಟಿರುತ್ತಾರೆ, ಅದನ್ನು ಬಳಸುವುದಕ್ಕೆ ಸಂಕೋಚ ಬೇಡ. ಊಟ ಬಿಡಬೇಡಿ, ನಿದ್ದೆ ಕೆಡಿಸಬೇಡಿ. ಊರಿಗೆ ವಾಪಸ್ ಬಂದ ಮೇಲೆ ನೆಗಡಿ ಜ್ವರ ಹಿಡಿಯುವುದು ಎಷ್ಟು ಮಾಮೂಲಿ ಅಂದರೆ ಅದಕ್ಕೆ 'ಕಾನ್ಫರೆನ್ಸ್ ಫ್ಲೂ' ಅಂತ ಹೆಸರೇ ಇದೆ. ಕೈ ತೊಳೆಯಿರಿ, ಕಿಕ್ಕಿರಿದ ರೂಮಿನಲ್ಲಿ ಮಾಸ್ಕ್ ಹಾಕಿ. ಮೈ ಹುಷಾರಿಲ್ಲದಿದ್ದರೆ ನೀವು ತಂಗಿರುವ ರೂಮಿನಲ್ಲೇ ಉಳಿದು ಲೈವ್ ನೋಡಿ.

ಕೊನೆಯ ದಿನ ಸಾಧ್ಯವಾದರೆ ತಡವಾಗಿ ಹೊರಡಿ. ಕುರ್ಚಿ ಎತ್ತುವುದಕ್ಕೆ, ಕೇಬಲ್ ಸುತ್ತುವುದಕ್ಕೆ ಜನ ಬೇಕಿರುತ್ತಾರೆ.

ಹೆಜ್ಜೆ 11: ಮನೆಗೆ ಬಂದ ಮೇಲೆ

ಎರಡು ದಿನದೊಳಗೆ ಆ ಒಂದು ಸಾಲಿನ ಟಿಪ್ಪಣಿಗಳನ್ನು ತೆಗೆಯಿರಿ. ಕಳಿಸುತ್ತೇನೆ ಅಂದದ್ದನ್ನು ಕಳಿಸಿ. ಒಂದು ವಾರ ಬಿಟ್ಟರೆ ನಿಮಗೂ ಮರೆಯುತ್ತದೆ, ಅವರಿಗೂ ಮರೆಯುತ್ತದೆ. ಅರ್ಧ ಆದ ಪ್ಯಾಚ್ ಇದ್ದರೆ ಅರ್ಧದ್ದನ್ನೇ 'ಇನ್ನೂ ಮುಗಿದಿಲ್ಲ' ಅಂತ ಬರೆದು ಹಾಕಿ.

ಇಷ್ಟವಾದ ಟಾಕ್‌ಗೆ ಅಭಿಪ್ರಾಯ ಬರೆಯಿರಿ. 'ಚೆನ್ನಾಗಿತ್ತು' ಅನ್ನುವುದಕ್ಕಿಂತ 'ಆ ಮೂರನೇ ಉದಾಹರಣೆ ನೋಡಿ ನನ್ನ ಕೋಡಿನಲ್ಲಿ ಇದೇ ತಪ್ಪು ಸಿಕ್ಕಿತು' ಅಂದರೆ ಅವರಿಗೆ ಉಪಯೋಗ. ಸಂಘಟಕರಿಗೂ ನಾಲ್ಕು ಸಾಲು ಬರೆಯಿರಿ. ದೂರು ಇದ್ದರೆ ಜೊತೆಗೆ ಮುಂದಿನ ಸಲ ಆ ಕೆಲಸ ನೀವು ಮಾಡಬಲ್ಲಿರಾ ಅಂತಲೂ ಹೇಳಿ.

ಆಮೇಲೆ ಮುಂದಿನ ವರ್ಷದ ಟಾಕ್ ಆಹ್ವಾನ ಯಾವಾಗ ತೆರೆಯುತ್ತದೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಪಂಡಿತರಾಗುವವರೆಗೆ ಕಾಯಬೇಕಿಲ್ಲ. ಒಂದು ತೊಂದರೆ, ಅದನ್ನು ಬಿಡಿಸಲು ಪಟ್ಟ ಪಾಡು, ಕೊನೆಗೆ ಸಿಕ್ಕ ದಾರಿ, ಇಷ್ಟನ್ನು ಆರೇಳು ಸಾಲಿನಲ್ಲಿ ಬರೆದು ಕಳಿಸಿ. ನನ್ನದು ಎರಡು ಸಲ ತಿರಸ್ಕಾರವಾಗಿ ಮೂರನೇ ಸಲ ಒಪ್ಪಿಗೆಯಾಯಿತು. ಟಾಕ್ ಚೆನ್ನಾಗೇ ಆಯಿತು ಅಂದುಕೊಂಡು ಬಂದೆ. ವಿಡಿಯೊ ಬಂದ ದಿನ ಹೆಡ್‌ಫೋನ್ ಹಾಕಿ ಕೂತರೆ, ಶುರುವಿನಿಂದ ಕೊನೆವರೆಗೂ ಟಕ್, ಟಕ್, ಟಕ್.